ಬುರುಡೆಯನ್ನ ಯಾರೂ ಕಾಲಿಗೆ ಕಟ್ಟಲ್ಲ

ಕಳೆದ ಸೆಮಿಸ್ಟರ್‌ನ ಪ್ರಾಜೆಕ್ಟ್ ಎಕ್ಸಿಬಿಷನ್ ನಿಮಗೆ ನೆನಪಿರಬಹುದು. ಮೆಕ್ಯಾನಿಕಲ್ ಬ್ಲಾಕಿನ ಮೆಟ್ಟಿಲ ಹತ್ತಿರ ನೀಲಿ ಬಣ್ಣದ ಒಂದು ಪುಟ್ಟ ಕಾಲು ಇಟ್ಟುಕೊಂಡು ನಿಂತಿದ್ದ ನಾಲ್ಕು ಜನ ನಾವೇ. ಮಕ್ಕಳು ಈಜೋಕೆ ಅಂತ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಕೃತಕ ಕಾಲು ಅದು. ಪಾದದ ಜಾಗದಲ್ಲಿ ಮೀನಿನ ಬಾಲದಂಥ ಫಿನ್ ಇತ್ತು. ಎರಡನೇ ಬಹುಮಾನ ಬಂತು, ಕಾಲೇಜಿನ ಇನ್‌ಸ್ಟಾಗ್ರಾಂ ಪೇಜಿನಲ್ಲಿ ಫೋಟೋನೂ ಬಂತು. ಆದರೆ ಆ ಕಾಲು ಇವತ್ತಿನವರೆಗೂ ಯಾವ ಮಗುವಿನ ಜೊತೆಗೂ ನೀರಿಗೆ ಇಳಿದಿಲ್ಲ. ಇಳಿಯದೇ ಇದ್ದದ್ದೇ ಒಳ್ಳೇದಾಯ್ತು. ಯಾಕೆ ಅಂತ ಹೇಳೋದಕ್ಕೆ, ಮತ್ತು ಮುಂದೆ ಇಂಥ ಪ್ರಾಜೆಕ್ಟ್ ತಗೊಳ್ಳೋ ಜೂನಿಯರ್‌ಗಳು ನಮ್ಮ ತಪ್ಪನ್ನೇ ಮತ್ತೆ ಮಾಡದೇ ಇರಲಿ ಅಂತ ಇದನ್ನ ಬರೀತಾ ಇದ್ದೀವಿ.

ಆ ಕಾಲನ್ನ ಯಾರ ಅಳತೆಗೆ ಮಾಡಿದ್ವೋ ಅವಳಿಗೆ ಎಂಟು ವರ್ಷ. ಹುಟ್ಟಿನಿಂದಲೇ ಬಲಗಾಲು ಮಂಡಿಯ ಕೆಳಗೆ ಸ್ವಲ್ಪ ದೂರಕ್ಕೇ ನಿಂತುಹೋಗಿದೆ. ಮಂಡ್ಯ ಕಡೆಯ ಹಳ್ಳಿ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಾಲೆ. ಬೇಸಿಗೆಯಲ್ಲಿ ಅವಳ ಅಣ್ಣ, ಚಿಕ್ಕಪ್ಪನ ಮಕ್ಕಳು ಎಲ್ಲರೂ ನೀರಿಗೆ ಬೀಳ್ತಾರೆ, ಇವಳು ದಂಡೆ ಮೇಲೆ ಕೂತು ಅವರ ಬಟ್ಟೆ ಕಾಯ್ತಾಳೆ. ಫಿಸಿಯೋಥೆರಪಿ ಮೇಡಂ ಒಬ್ಬರು ಶನಿವಾರ ಶನಿವಾರ ಒಂದು ಈಜುಕೊಳದಲ್ಲಿ ಇಂಥ ಕೆಲವು ಮಕ್ಕಳಿಗೆ ನೀರಿನ ವ್ಯಾಯಾಮ ಮಾಡಿಸ್ತಾರೆ. ಅವರ ಮೂಲಕ ನಮಗೆ ಈ ಹುಡುಗಿಯ ಪರಿಚಯ ಆಯ್ತು. ಜನವರಿಯಲ್ಲಿ ಕಾಲು ತಗೊಂಡು ಅಲ್ಲಿಗೆ ಹೋದಾಗ ಅವಳ ತಾತ ಅದನ್ನ ಕೈಯಲ್ಲಿ ಎತ್ತಿ ನೋಡಿದರು.

"ಹಗೂರಾಗದೆ ಕಣಪ್ಪ."

"ತೇಲುತ್ತೆ ತಾತ," ಅಂದ್ವಿ ಹೆಮ್ಮೆಯಿಂದ.

"ತೇಲಿದ್ರೆ? ಬುರುಡೆನ ಬೆನ್ಗೆ ಕಟ್ತಾರೆ ಕಣ್ರಪ್ಪ, ಕಾಲ್ಗೆ ಯಾರಾದ್ರೂ ಕಟ್ತಾರಾ? ತಲೆ ಕೆಳಕ್ಕೋಗಕಿಲ್ವಾ?"

ಸಿಟಿಯಲ್ಲಿ ಬೆಳೆದವರಿಗೆ ಒಂದು ಮಾತು. ಹಳ್ಳಿಗಳಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನ ಬೆನ್ನಿಗೆ ಹಗ್ಗದಿಂದ ಕಟ್ಟಿ ನೀರಿಗೆ ಬಿಡ್ತಿದ್ರು. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು, ಟ್ಯೂಬು ಬಂದಿವೆ. ಬುರುಡೆ ಎದೆಯ ಭಾಗವನ್ನ ಮೇಲೆ ಎತ್ತಿ ಹಿಡಿಯುತ್ತೆ, ಮೂಗು ಬಾಯಿ ನೀರಿಂದ ಹೊರಗಿರುತ್ತೆ. ಅದೇ ಬುರುಡೆಯನ್ನ ಕಾಲಿಗೆ ಕಟ್ಟಿದರೆ ಕಾಲು ಮೇಲೆ, ತಲೆ ಕೆಳಗೆ. ತಾತ ಯಾವ ಕಾಲೇಜಿಗೂ ಹೋದವರಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿ ಇಂಟರ್ನಲ್ಸ್‌ನಲ್ಲಿ ಮೆಟಾಸೆಂಟರ್ ಪ್ರಾಬ್ಲಂ ಬಿಡಿಸಿದ್ದು ನಾವು. ಅದು ಹಡಗಿನ ಪ್ರಾಬ್ಲಂ ಆಗಿತ್ತು, ಮಗುವಿನದ್ದಲ್ಲ. ಹಾಗಾಗಿ ನಮಗೆ ಹೊಳೀಲೇ ಇಲ್ಲ.

ಅವತ್ತು ಸಂಜೆ ಹಾಸ್ಟೆಲ್‌ಗೆ ಬಂದು ಕಾಲನ್ನ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿದ್ವಿ. ತೂಕ 650 ಗ್ರಾಂ. ಒಳಗೆ ಪೊಳ್ಳು, ಹೊರಗೆಲ್ಲ ಸೀಲ್ ಮಾಡಿದ್ದು. ಅದು ಪಕ್ಕಕ್ಕೆ ಸರಿಸುವ ನೀರು ಸುಮಾರು 1.1 ಲೀಟರ್, ಅಂದರೆ 1,100 ಗ್ರಾಂ. ಆರ್ಕಿಮಿಡೀಸ್ ಲೆಕ್ಕದಲ್ಲಿ 450 ಗ್ರಾಂನಷ್ಟು ಬಲ ಮೇಲಕ್ಕೆ. ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಉಸಿರು ಪೂರ್ತಿ ಎಳೆದುಕೊಂಡಾಗಲೂ ಮನುಷ್ಯನ ದೇಹ ನೀರಿಗಿಂತ ಒಂಚೂರು ಮಾತ್ರ ಹಗುರ. ಅಷ್ಟು ಸೂಕ್ಷ್ಮವಾದ ತಕ್ಕಡಿಯ ಒಂದು ತುದಿಯಲ್ಲಿ, ಸೊಂಟದಿಂದ ದೂರದಲ್ಲಿ, ಒಂದೇ ಕಡೆಯ ಕಾಲಿಗೆ ಅರ್ಧ ಕೆಜಿಯಷ್ಟು ಎಳೆತ ಕೊಟ್ಟರೆ ದೇಹ ಮುಂದಕ್ಕೂ ಮುಗುಚುತ್ತೆ, ಪಕ್ಕಕ್ಕೂ ಉರುಳುತ್ತೆ. ನಾವು ಒಂದು ಮಗುವಿನ ಕಾಲಿಗೆ ಬುರುಡೆ ಕಟ್ಟಿ, ಅದಕ್ಕೆ ನೀಲಿ ಬಣ್ಣ ಹೊಡೆದು, ಬಹುಮಾನ ತಗೊಂಡಿದ್ವಿ.

ಆಮೇಲೆ ಓದೋಕೆ ಶುರು ಮಾಡಿದ್ವಿ. ಮೊದಲೇ ಓದಬೇಕಿತ್ತು. ನೀರಿನಲ್ಲಿ ವಿಕಲಚೇತನ ಮಕ್ಕಳಿಗೆ ಕಲಿಸೋ ವಿಧಾನಗಳಲ್ಲಿ ಬಹಳ ಹೆಸರಾದದ್ದು ಹ್ಯಾಲಿವಿಕ್ ವಿಧಾನ. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಎಂಬ ಅಂಗವಿಕಲ ಹುಡುಗಿಯರ ಶಾಲೆಯಲ್ಲಿ ಜೇಮ್ಸ್ ಮೆಕ್‌ಮಿಲನ್ ಅನ್ನೋರು ಇದನ್ನ ಶುರು ಮಾಡಿದರು. ಅವರು ಡಾಕ್ಟರ್ ಅಲ್ಲ, ಫ್ಲೂಯಿಡ್ ಮೆಕ್ಯಾನಿಕ್ಸ್ ಗೊತ್ತಿದ್ದ ಎಂಜಿನಿಯರ್! ಅವರು ನೋಡಿದ್ದು ಇಷ್ಟು: ಎರಡೂ ಕಡೆ ಸಮವಾಗಿಲ್ಲದ ದೇಹ ನೀರಿನಲ್ಲಿ ತಾನಾಗಿ ತಿರುಗುತ್ತೆ. ಆದ್ದರಿಂದ ಮಗು ಮೊದಲು ಕಲಿಯಬೇಕಾದ್ದು ಕೈಕಾಲು ಬಡಿಯೋದಲ್ಲ, ತಿರುಗುವ ದೇಹವನ್ನ ತಲೆ ಮತ್ತು ತೋಳಿನ ಚಲನೆಯಿಂದ ಹತೋಟಿಗೆ ತಂದುಕೊಂಡು ಉಸಿರಾಡುವ ಭಂಗಿಗೆ ವಾಪಸ್ ಬರೋದು. ಈ ವಿಧಾನದಲ್ಲಿ ತೇಲಿಸುವ ಟ್ಯೂಬು, ಬೆಂಡು ಬಳಸಲ್ಲ. ಒಂದು ಮಗುವಿಗೆ ಒಬ್ಬರು ಕಲಿಸುವವರು, ಆಸರೆ ಅವರ ಕೈ. ಮಗು ಕಲಿತ ಹಾಗೆಲ್ಲ ಆ ಕೈ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತೆ. ಟ್ಯೂಬು ಕಟ್ಟಿದ ಮಗು ತನ್ನ ದೇಹವನ್ನ ಕಲಿಯಲ್ಲ, ಟ್ಯೂಬನ್ನ ಕಲಿಯುತ್ತೆ ಅನ್ನೋದು ಅದರ ಹಿಂದಿನ ಯೋಚನೆ ಅಂತ ನಮಗೆ ಅರ್ಥ ಆಗಿದ್ದು. ನಮ್ಮ ತೇಲುವ ಕಾಲಿಗೂ ಇದೇ ಮಾತು ಅನ್ವಯಿಸುತ್ತೆ.

ಇನ್ನೊಂದು ವಿಷಯ ನಮ್ಮ ಪೋಸ್ಟರ್‌ನ ಹೆಡ್ಡಿಂಗನ್ನೇ ಸುಳ್ಳು ಮಾಡ್ತು. "ಕಾಲಿಲ್ಲದ ಮಕ್ಕಳೂ ಇನ್ನು ಈಜಬಹುದು" ಅಂತ ದೊಡ್ಡದಾಗಿ ಬರೆದಿದ್ವಿ. ಅವರು ಈಗಾಗಲೇ ಈಜ್ತಾರೆ! ಪ್ಯಾರಾ ಈಜು ಸ್ಪರ್ಧೆಗಳಲ್ಲಿ ಕೃತಕ ಅಂಗ ಹಾಕಿಕೊಂಡು ನೀರಿಗೆ ಇಳಿಯೋಕೆ ನಿಯಮವೇ ಬಿಡಲ್ಲ. ಈಜುಗಾರರು ಕೃತಕ ಕಾಲನ್ನ ಕೊಳದ ಅಂಚಿನಲ್ಲಿ ಬಿಚ್ಚಿಟ್ಟು ಇಳೀತಾರೆ. ನಮ್ಮ ಬೆಂಗಳೂರಿನವರೇ ಆದ ಶರತ್ ಗಾಯಕವಾಡ್ ಹುಟ್ಟಿನಿಂದ ಎಡಗೈ ಪೂರ್ತಿ ಬೆಳೆಯದವರು. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 6 ಪದಕ ಗೆದ್ದರು. ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿದವರು. ಡಾಕ್ಟರ್ ಹೇಳಿದರು ಅಂತ ಚಿಕಿತ್ಸೆಗಾಗಿ ನೀರಿಗೆ ಇಳಿದವರು ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೂ ಈಜಿದರು. ಇವರಿಗೆ ಬೇಕಾಗಿದ್ದು ನೀರು, ಕಲಿಸುವವರು, ಅಭ್ಯಾಸ.

ಹಾಗಾದರೆ ಮಕ್ಕಳಿಗೆ ನೀರಿನ ಕಾಲು ಬೇಡವೇ ಬೇಡವಾ? ಬೇಕು. ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ.

ಫೆಬ್ರವರಿಯಲ್ಲಿ ಎರಡು ಶನಿವಾರ ಯಾವ ಮಾಡೆಲ್ಲೂ ಇಲ್ಲದೆ ಬರೀ ನೋಡೋಕೆ ಹೋದ್ವಿ. ಬಟ್ಟೆ ಬದಲಿಸೋ ರೂಮಿನಿಂದ ಕೊಳದ ಅಂಚಿಗೆ ಸುಮಾರು 40 ಹೆಜ್ಜೆ. ನೆಲಕ್ಕೆ ಟೈಲ್ಸ್, ಯಾವಾಗಲೂ ಒದ್ದೆ. ಆ ಹುಡುಗಿ ದಿನಾ ಶಾಲೆಗೆ ಹಾಕಿಕೊಂಡು ಹೋಗೋ ಕಾಲಿನ ಒಳಗೆ ಲೋಹದ ಭಾಗ ಇದೆ, ಹೊರಗೆ ಸ್ಪಂಜು. ಅದನ್ನ ನೆನೆಸೋ ಹಾಗಿಲ್ಲ. ಹಾಗಾಗಿ ರೂಮಿನಲ್ಲೇ ಬಿಚ್ಚಿಡಬೇಕು. ಅಲ್ಲಿಂದ ತಾತ ಅವಳನ್ನ ಎತ್ತಿಕೊಂಡು ಬರ್ತಾರೆ. ಬರುವಷ್ಟು ದೂರವೂ ಅವಳು ಮುಖವನ್ನ ತಾತನ ಹೆಗಲಿಗೆ ಒತ್ತಿಕೊಂಡಿರ್ತಾಳೆ. ನೀರಿಗೆ ಇಳಿದ ಮೇಲೆ ಬೇರೆಯದೇ ಹುಡುಗಿ, ಮಾತು ನಿಲ್ಲಿಸಲ್ಲ. ಮುಗಿದ ಮೇಲೆ ಮತ್ತೆ ಹೆಗಲಿಗೆ ಮುಖ. ಆಗಸ್ಟಿನಿಂದ ಅವಳ ಕಾಲಿನ ಹನ್ನೊಂದು ಅಳತೆ ತಗೊಂಡಿದ್ದ ನಾವು ಆವತ್ತು ಮೊದಲ ಸಲ ಅವಳನ್ನ ಕೇಳಿದ್ವಿ, ನಿಂಗೆ ಎಂಥ ಕಾಲು ಬೇಕು ಅಂತ.

"ನಾನೇ ನಡ್ಕೊಂಡು ಬಂದು ಇಳೀಬೇಕು ಅಕ್ಕ. ಎತ್ಕೊಳ್ಳೋಕೆ ನಾನೇನು ಪಾಪುನಾ?"

ಮತ್ತೆ ಆ ಮೀನಿನ ಬಾಲ?

"ಅದನ್ನ ಹಾಕ್ಕೊಂಡು ಹೆಂಗೆ ನಡೀಲಿ?"

ನಮ್ಮ ಅಭಿಪ್ರಾಯ ಇಷ್ಟೇ. ಮಕ್ಕಳಿಗೆ ನೀರಿನ ಕಾಲು ಡಿಸೈನ್ ಮಾಡೋರು ಮೊದಲು ಆ 40 ಹೆಜ್ಜೆಯನ್ನ ಡಿಸೈನ್ ಮಾಡಬೇಕು. ಒದ್ದೆ ನೆಲ, ಮೆಟ್ಟಿಲು, ಕೊಳದ ಏಣಿ, ಎದೆಮಟ್ಟದ ನೀರಲ್ಲಿ ನಿಲ್ಲೋದು, ವಾಪಸ್ ಹತ್ತಿ ಬರೋದು. ಇದೆಲ್ಲ ಆದಮೇಲೆ ಉಳಿದರೆ ಫಿನ್.

ಇದು ಹೊಸ ಮಾತೇನಲ್ಲ. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಜೈಪುರ್ ಕಾಲು ಮಾಡಿದಾಗ ಅವರು ಕೇಳಿಕೊಂಡ ಪ್ರಶ್ನೆಯೂ ಇಂಥದ್ದೇ. ಆಗ ಸಿಗುತ್ತಿದ್ದ ಪಾಶ್ಚಾತ್ಯ ಮಾದರಿಯ ಕಾಲುಗಳಿಗೆ ಶೂ ಬೇಕಿತ್ತು. ಚಕ್ಕಳಮಕ್ಕಳ ಹಾಕಿ ಕೂರೋಕೆ, ಕುಕ್ಕರಗಾಲಲ್ಲಿ ಕೂರೋಕೆ, ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ನಡೆಯೋಕೆ ಅವು ಆಗ್ತಿರಲಿಲ್ಲ. ಆದ್ದರಿಂದ ಜನ ಕಾಲು ತಗೊಂಡು ಹೋಗಿ ಮೂಲೆಗಿಡ್ತಿದ್ರು. ಜೈಪುರ್ ಪಾದದ ಹೊರಮೈ ರಬ್ಬರ್, ನೀರು ಬಿದ್ದರೂ ತೊಂದರೆ ಇಲ್ಲ. ಮುಂದೆ ಅದರ ಕಣಕಾಲಿನ ಭಾಗಕ್ಕೆ ಎಚ್‌ಡಿಪಿಇ ಪೈಪ್ ಬಳಸೋಕೆ ಶುರು ಮಾಡಿದರು. ಹೊಲಕ್ಕೆ ನೀರು ಹಾಯಿಸೋ ಪೈಪಿನ ಅದೇ ಪ್ಲಾಸ್ಟಿಕ್. ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದರೆ ಕಾಲಿನ ಆಕಾರಕ್ಕೆ ಕೂರುತ್ತೆ, ತುಕ್ಕು ಹಿಡಿಯಲ್ಲ, ನೀರು ಹೀರಲ್ಲ. ನಾವು ನಮ್ಮ ಪ್ರಿಂಟರ್‌ಗೆ ಪಿಎಲ್‌ಎ ಹಾಕಿದ್ವಿ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಸಾಕು, ಸೊಟ್ಟ ಆಗಬಹುದು.

ನ್ಯೂಯಾರ್ಕಿನ ನಾರ್ತ್‌ವೆಲ್ ಹೆಲ್ತ್ ಸಂಸ್ಥೆ 2017ರಲ್ಲಿ ಒಬ್ಬ ಮಾಜಿ ಸೈನಿಕರಿಗಾಗಿ ಮಾಡಿಸಿದ ಕಾಲಿಗೆ 'ದ ಫಿನ್' ಅಂತಲೇ ಹೆಸರು. ನಾವು ಮೊದಲು ಕಾಪಿ ಹೊಡೆಯೋಕೆ ನೋಡಿದ್ದೂ ಅದನ್ನೇ. ಫೋಟೋ ನೋಡಿ ಫಿನ್ ಮಾತ್ರ ತಗೊಂಡ್ವಿ. ಅದರ ಅಸಲಿ ಜಾಣತನ ಎರಡು ಕಡೆ ಇದೆ. ಒಂದು, ಕಾಲು ಬದಲಿಸದೆ ನೆಲದಿಂದ ನೇರವಾಗಿ ನೀರಿಗೆ ಹೋಗಬಹುದು. ಎರಡು, ಫಿನ್ನಿನಲ್ಲಿ ತೂತುಗಳಿವೆ, ನೀರು ಅವುಗಳ ಮೂಲಕ ಹಾದುಹೋಗುತ್ತೆ. ಅವರು ಡಿಸೈನ್ ಮಾಡಿದ್ದೂ ಆ ದಾರಿಯನ್ನೇ.

ತೂತಿನ ವಿಷಯ ಸಣ್ಣದಲ್ಲ. ಸೀಲ್ ಮಾಡಿದ ಕಾಲು ಬುರುಡೆ ಆಗುತ್ತೆ, ಆದ್ದರಿಂದ ಒಳಗೆ ನೀರು ಬಿಡಬೇಕು. ಬಿಟ್ಟ ನೀರು ಹೊರಗೆ ಬರದಿದ್ದರೆ ಮಗು ಏಣಿ ಹತ್ತುವಾಗ ಕಾಲಿನಲ್ಲಿ ಒಂದು ಲೀಟರ್ ನೀರು, ಅಂದರೆ ಒಂದು ಕೆಜಿ ಹೊರೆ. ನಾವು ಮೊದಲು ತಳದಲ್ಲಿ ಒಂದೇ ತೂತು ಕೊರೆದ್ವಿ. ನೀರು ಒಳಗೆ ಹೋಗೋಕೆ ಒಪ್ಪಲೇ ಇಲ್ಲ, ಗಾಳಿ ಒಳಗೇ ಸಿಕ್ಕಿಕೊಂಡಿತ್ತು. ಎಣ್ಣೆ ಟಿನ್ನಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬರಲ್ಲ, ಇನ್ನೊಂದು ಬೇಕು ಅಂತ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲೂ ಮೇಲೆ ಗಾಳಿಗೆ, ಕೆಳಗೆ ನೀರಿಗೆ. ತೂತು ಮಗುವಿನ ಬೆರಳು ಸಿಕ್ಕಿಕೊಳ್ಳದಷ್ಟು ಸಣ್ಣದಿರಬೇಕು, ದುಂಡಗಿರಬೇಕು, ಹೆಚ್ಚು ಒತ್ತಡ ಬೀಳುವ ಜಾಗದಿಂದ ದೂರ ಇರಬೇಕು. ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಬಿಡುತ್ತೆ.

ಈಗ ನಮಗೆ ಬರೋ ಆಕ್ಷೇಪಗಳು. ಮೊದಲನೆಯದು ನಮ್ಮ ಗೈಡ್ ಸರ್ ಕೇಳಿದ್ದು: "ಕಾಲು ತೆಗೆದೇ ಈಜಬಹುದು ಅಂತೀರಿ, ಹಾಗಾದರೆ ನೀರಿನ ಒಳಗೆ ಅದರ ಕೆಲಸ ಏನು?" ಈಜಿಗೆ ಅಷ್ಟಾಗಿ ಇಲ್ಲದಿರಬಹುದು, ಚಿಕಿತ್ಸೆಗೆ ಇದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತೆ, ಎದೆಮಟ್ಟದಲ್ಲಿ ಸುಮಾರು ಮೂರನೇ ಒಂದಕ್ಕೆ. ಹೊಸ ಕಾಲಿನಲ್ಲಿ ನಡಿಗೆ ಕಲಿಯೋ ಮಗುವಿಗೆ ನೋವಿಲ್ಲದೆ ಹೆಜ್ಜೆ ಹಾಕೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಬಿದ್ದರೂ ಪೆಟ್ಟಾಗಲ್ಲ. ಆದರೆ ಹಾಗೆ ನಿಲ್ಲಬೇಕಾದರೆ ಕಾಲು ತಳ ಮುಟ್ಟಬೇಕು, ಮೇಲಕ್ಕೆ ತೇಲಬಾರದು.

ಅಮೆರಿಕದ ಫ್ಲಾರಿಡಾದಲ್ಲಿ ವಿಂಟರ್ ಅಂತ ಒಂದು ಡಾಲ್ಫಿನ್ ಇತ್ತು. 2005ರಲ್ಲಿ ಮರಿಯಾಗಿದ್ದಾಗ ಏಡಿ ಹಿಡಿಯೋ ಬೋನಿನ ಹಗ್ಗಕ್ಕೆ ಸಿಕ್ಕು ಬಾಲ ಕಳೆದುಕೊಂಡಿತು. ಬಾಲ ಇಲ್ಲದೆಯೇ ಅದು ಈಜೋಕೆ ಕಲಿತುಬಿಡ್ತು. ಆದರೆ ಮೇಲೆ ಕೆಳಗೆ ಬಡಿಯೋ ಬದಲು ಪಕ್ಕದಿಂದ ಪಕ್ಕಕ್ಕೆ ಬಳುಕಿ ಈಜುತ್ತಿದ್ದರಿಂದ ಬೆನ್ನುಮೂಳೆಗೆ ತೊಂದರೆ ಆಗತೊಡಗಿತು. ಅದಕ್ಕೆ ಕೃತಕ ಬಾಲ ಮಾಡಿದರು. ದಿನವಿಡೀ ಅಲ್ಲ, ಸ್ವಲ್ಪ ಹೊತ್ತು ವ್ಯಾಯಾಮಕ್ಕೆ ಮಾತ್ರ ಹಾಕುತ್ತಿದ್ದರು. ಅದರ ನಾಜೂಕಾದ ಚರ್ಮ ಉಜ್ಜದಿರಲಿ ಅಂತ ಮಾಡಿದ ಮೆತ್ತನೆಯ ಜೆಲ್ ಆಮೇಲೆ ಮನುಷ್ಯರ ಕೃತಕ ಕಾಲುಗಳ ಒಳಗೂ ಬಂತು. ನಮಗೆ ಇಲ್ಲಿ ಎರಡು ಪಾಠ ಇವೆ. ಯಾವಾಗ ಹಾಕಬೇಕು, ಎಷ್ಟು ಹೊತ್ತು ಅನ್ನೋದನ್ನ ಥೆರಪಿಸ್ಟ್ ಹೇಳಬೇಕು, ನಾವಲ್ಲ. ಮತ್ತು ಒದ್ದೆ ಚರ್ಮ ಬೇಗ ಗಾಯ ಆಗುತ್ತೆ, ಆದ್ದರಿಂದ ಸಾಕೆಟ್ಟಿನ ಒಳಮೈಗೆ ಹೊರಮೈಯ ಬಣ್ಣಕ್ಕಿಂತ ಹೆಚ್ಚು ಟೈಮ್ ಕೊಡಬೇಕು.

ಎರಡನೇ ಆಕ್ಷೇಪ ಗಟ್ಟಿಯಾದದ್ದು. ಒಂದು ಕಾಲಿಗೇ ಪರದಾಡುವ ಮನೆಗೆ ನೀರಿಗೆ ಅಂತ ಎರಡನೇ ಕಾಲು ಐಷಾರಾಮ ಅಲ್ವಾ? ಹೌದು. ಹಾಗಾಗಿಯೇ ಎರಡನೇ ಕಾಲು ಬೇಡ, ನೆನೆಯುವ ಒಂದೇ ಕಾಲು ಸಾಕು ಅಂತೀವಿ. ನಮ್ಮಲ್ಲಿ ನೀರು ಅಂದರೆ ಬರೀ ಈಜುಕೊಳ ಅಲ್ಲ. ಬಕೆಟ್ಟಿನಿಂದ ಮೈಮೇಲೆ ಸುರಿದುಕೊಳ್ಳೋ ಬಚ್ಚಲು, ಮಳೆಗಾಲದ ಅಂಗಳ, ಶಾಲೆಯ ಒದ್ದೆ ಶೌಚಾಲಯ, ಗದ್ದೆಯ ಬದು ಎಲ್ಲವೂ ನೀರೇ. ಕೊಳದ 40 ಹೆಜ್ಜೆಗೆ ಸರಿಯಾಗಿ ಮಾಡಿದ ಕಾಲು ದಿನದ ಉಳಿದ ಹೆಜ್ಜೆಗಳಿಗೂ ಆಗುತ್ತೆ.

ಇನ್ನೊಂದು ಅಡ್ಡಿಗೆ ಯಾವ ಡಿಸೈನೂ ಉತ್ತರ ಅಲ್ಲ. ಈ ಮಕ್ಕಳನ್ನ ಮೊದಲು ಕರ್ಕೊಂಡು ಹೋದ ಬೇರೊಂದು ಕೊಳದಲ್ಲಿ, ಉಳಿದ ಮಕ್ಕಳ ಅಪ್ಪ ಅಮ್ಮ ಏನಂದುಕೊಳ್ತಾರೋ ಅಂತ ಹೇಳಿ ವಾಪಸ್ ಕಳಿಸಿದ್ರಂತೆ. ಕ್ರೀಡೆಯಲ್ಲಿ, ಮನರಂಜನೆಯಲ್ಲಿ ಪಾಲ್ಗೊಳ್ಳೋದು ವಿಕಲಚೇತನರ ಹಕ್ಕು ಅಂತ 2016ರ ಕಾಯ್ದೆಯಲ್ಲೇ ಇದೆ. ಅಂಥ ಕಡೆ ನಾವು ನಾಲ್ಕು ಜನ ಜೊತೆಗೆ ಹೋಗಿ ನಿಂತು ಮಾತಾಡೋದೂ ಪ್ರಾಜೆಕ್ಟಿನ ಭಾಗವೇ.

ಕೊನೆಯದು, ನಮ್ಮ ದೊಡ್ಡ ತಪ್ಪು. ಆಗಸ್ಟಿನಲ್ಲಿ ಅಳತೆ ತಗೊಂಡ್ವಿ, ಜನವರಿಯಲ್ಲಿ ಕಾಲು ಕೊಟ್ಟು ನೋಡಿದ್ವಿ. ತಾತ ಬುರುಡೆಯ ಮಾತು ಹೇಳದೇ ಇದ್ದಿದ್ದರೂ ಅದು ಅವಳಿಗೆ ಆಗ್ತಿರಲಿಲ್ಲ. ಸಾಕೆಟ್ ಬಿಗಿ, ಉದ್ದ ಸುಮಾರು 1 ಸೆ.ಮೀ. ಕಡಿಮೆ. ಐದು ತಿಂಗಳಲ್ಲಿ ಅವಳು ಬೆಳೆದಿದ್ದಳು. ನಾವು ಸಿಎಡಿ ಫೈಲಿನ ಕಲರ್ ಬದಲಿಸ್ತಾ ಕೂತಿದ್ವಿ. ಐದು ವರ್ಷದವರೆಗೆ ಸುಮಾರು ವರ್ಷಕ್ಕೊಂದು, ಆಮೇಲೆ 12ರವರೆಗೆ 2 ವರ್ಷಕ್ಕೊಂದು ಹೊಸ ಕಾಲು ಬೇಕಾಗುತ್ತೆ ಅನ್ನೋದು ಈ ಕ್ಷೇತ್ರದ ಹಳೇ ಲೆಕ್ಕ. ಅಂದರೆ ಮಗುವಿನ ಕಾಲು ಒಂದು ಸಲ ಮಾಡಿ ಕೊಟ್ಟು ಕೈತೊಳೆದುಕೊಳ್ಳೋ ವಸ್ತು ಅಲ್ಲ. ನಮ್ಮ ಪ್ರಾಜೆಕ್ಟುಗಳು ಮಾತ್ರ ವೈವಾ ಮುಗಿದ ದಿನ ಬೀರು ಸೇರುತ್ತವೆ.

ಹಾಗಾಗಬೇಕು ಅಂತೇನಿಲ್ಲ. ಜೈಪುರ್ ಕಾಲಿನ ಸಂಸ್ಥೆಯ ಜೊತೆ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಮಾಡಿದ 'ಜೈಪುರ್ ಮಂಡಿ' ಶುರುವಾಗಿದ್ದು ಒಂದು ಕ್ಲಾಸ್ ಪ್ರಾಜೆಕ್ಟ್ ಆಗಿ. ಟೈಮ್ ಪತ್ರಿಕೆಯ 2009ರ 50 ಒಳ್ಳೆಯ ಆವಿಷ್ಕಾರಗಳ ಪಟ್ಟಿಗೆ ಅದು ಬಂತು. ಬಂದ ಮೇಲೂ ಕೆಲಸ ನಿಲ್ಲದೆ ಮುಂದಿನ ಮಾದರಿಗಳಿಗೆ ಬೆಳೀತು. ನಮ್ಮ ಹತ್ತಿರವೇ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಐಐಟಿ ಮದ್ರಾಸ್ ಜೊತೆ ಸೇರಿ 2022ರಲ್ಲಿ 'ಕದಂ' ಅನ್ನೋ ಕೃತಕ ಮಂಡಿ ಹೊರತಂದಿದೆ. ಕಾಲು ಮಾಡೋದನ್ನೇ ವೃತ್ತಿಯಾಗಿ ಕಲಿತವರು ಬಸ್ಸಿನ ದೂರದಲ್ಲಿದ್ದಾರೆ. ಲ್ಯಾಪ್‌ಟಾಪ್ ತೆರೆಯೋ ಮೊದಲು ಅವರ ಮುಂದೆ ಕೂತು ಕೇಳೋಕೆ ನಮಗೆ ಏನಾಗಿತ್ತು?

ಹಾಗಾಗಿ ನಮ್ಮ ಡಿಪಾರ್ಟ್‌ಮೆಂಟಿಗೆ ಕೇಳೋದು ಮೂರು. ಮಗುವಿಗೆ ಸಂಬಂಧಪಟ್ಟ ಪ್ರಾಜೆಕ್ಟಿಗೆ ಥೆರಪಿಸ್ಟ್ ಮತ್ತು ಕೃತಕ ಕಾಲು ಮಾಡುವವರು ಒಪ್ಪಿ ಸಹಿ ಹಾಕದೆ ಎಕ್ಸಿಬಿಷನ್‌ಗೆ ಬಿಡಬೇಡಿ. ಪ್ರಾಜೆಕ್ಟನ್ನ ಬ್ಯಾಚಿಗೆ ಕೊಡಬೇಡಿ, ಮಗುವಿಗೆ ಕೊಡಿ: ನಾವು ಪಾಸಾಗಿ ಹೋದರೆ ಅಳತೆಯ ಫೈಲು, ಅಚ್ಚು, ಫೋನ್ ನಂಬರು ಜೂನಿಯರ್‌ಗಳ ಕೈಗೆ ಹೋಗಬೇಕು. ಮಾರ್ಕ್ಸ್ ಕೊಡುವಾಗ ಮಾಡೆಲ್ ಎಷ್ಟು ಹೊಸದು ಅನ್ನೋದರ ಜೊತೆ ಮಗು ಅದನ್ನ ಎಷ್ಟು ದಿನ ಹಾಕಿತು ಅಂತಲೂ ಕೇಳಿ.

ನಾವು ಎರಡನೇ ಕಾಲು ಶುರು ಮಾಡಿದ್ದೀವಿ. ಎಚ್‌ಡಿಪಿಇ ಪೈಪು, ರಬ್ಬರ್ ಪಾದ, ಮೇಲೂ ಕೆಳಗೂ ತೂತು, ಅವಳು ಬೆಳೆದ ಹಾಗೆ ಉದ್ದ ಹೆಚ್ಚಿಸೋಕೆ 5 ಮಿ.ಮೀ. ದಪ್ಪದ ಬಿಲ್ಲೆಗಳು. ಸಾಕೆಟ್ಟನ್ನ ನಾವು ಮುಟ್ಟಲ್ಲ, ಬಲ್ಲವರು ಮಾಡಿಕೊಡ್ತಾರೆ. ಫಿನ್ ಇಲ್ಲ. ಮೊದಲು ಡ್ರಮ್ಮು, ಆಮೇಲೆ ಮೇಡಂ ಕೈಯಲ್ಲಿ ಪರೀಕ್ಷೆ, ಆಮೇಲೆ ಅವಳು. ನೋಡೋಕೆ ಚೆನ್ನಾಗಿಲ್ಲ, ಈ ಸಲ ಬಹುಮಾನ ಬರಲಿಕ್ಕಿಲ್ಲ. ಹೋದ ಶನಿವಾರ ಅವಳ ಅಳತೆ ಮತ್ತೆ ತಗೊಂಡ್ವಿ, ಇನ್ನೂ ಅರ್ಧ ಸೆ.ಮೀ. ಬೆಳೆದಿದ್ದಾಳೆ. ಬಿಲ್ಲೆ ಒಂದು ಹೆಚ್ಚಾಯ್ತು.

ಫಸ್ಟ್ ಇಯರ್‌ನವರು ಯಾರಾದ್ರೂ ಜೊತೆಗೆ ಬರ್ತೀರಾ? ಸೋಲ್ಡರಿಂಗ್, ಕೋಡಿಂಗ್ ಬರಬೇಕು ಅಂತೇನಿಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಎದ್ದು ಬಸ್ ಹತ್ತೋಕೆ ಬರಬೇಕು, ಮತ್ತೆ ಮುಂದಿನ ಮೂರು ವರ್ಷ ಹತ್ತುತ್ತಲೇ ಇರಬೇಕು.